ಒಂದು ಗುಂಡಿ, ಹಲವು ದೀಪ: ಮಾದರಿ ರೈಲಿನ ಡಿಜಿಟಲ್ ನಿಯಂತ್ರಣ

ರೈಲು ಎಂಜಿನ್ನಿನ ದೀಪಗಳನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ರಾತ್ರಿ ಹೊತ್ತು ಕಲಬುರಗಿ ನಿಲ್ದಾಣದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನೋಡಿದರೆ ಅವುಗಳ ಹಿಂದೆ ಒಂದು ಕಟ್ಟುನಿಟ್ಟಾದ ತರ್ಕವಿರುವುದು ಗೊತ್ತಾಗುತ್ತದೆ. ಗಾಡಿಯನ್ನು ಎಳೆಯುವ ಎಂಜಿನ್ನಿನ ಮುಂದುಗಡೆ ಹೆಡ್‌ಲೈಟ್ ಮತ್ತು ಎರಡು ಬಿಳಿ ಮಾರ್ಕರ್ ದೀಪಗಳು ಉರಿಯುತ್ತವೆ. ಅದರ ಹಿಂದುಗಡೆ ಕೆಂಪು ದೀಪ ಬೇಕಿಲ್ಲ, ಏಕೆಂದರೆ ಗಾಡಿಯ ಬಾಲವನ್ನು ಸೂಚಿಸುವ ಕೆಂಪು ದೀಪ ಕೊನೆಯ ಬೋಗಿಯಲ್ಲಿರುತ್ತದೆ. ಅದೇ ಎಂಜಿನ್ ಬೋಗಿಗಳಿಲ್ಲದೆ ಒಂಟಿಯಾಗಿ ಓಡುವಾಗ ಅದರ ಹಿಂದಿನ ತುದಿಯೇ ಗಾಡಿಯ ಬಾಲ. ಆಗ ಅಲ್ಲಿ ಕೆಂಪು ಬೇಕು. ಶಂಟಿಂಗ್‌ಗೆಂದೇ ಮೀಸಲಾದ ಎಂಜಿನ್ ರಾತ್ರಿಯಲ್ಲಿ ಎರಡೂ ತುದಿಗಳಲ್ಲಿ ಕೆಂಪು ತೋರಿಸುತ್ತದೆ. ಅಪಾಯದ ಸಂದರ್ಭದಲ್ಲಿ ಎದುರು ಬರುವ ಗಾಡಿಯನ್ನು ಎಚ್ಚರಿಸಲು ಮಿನುಗುವ ಹಳದಿ ಫ್ಲ್ಯಾಷರ್ ಬೇರೆ ಇದೆ. ಎಂಜಿನ್ ದಿಕ್ಕು ಬದಲಿಸಿದರೆ ಈ ಇಡೀ ವ್ಯವಸ್ಥೆ ತಿರುವುಮುರುವಾಗಬೇಕು.

ಈಗ ಈ ಎಂಜಿನ್ನನ್ನು 87 ಪಟ್ಟು ಕುಗ್ಗಿಸಿ ಅಂಗೈ ಮೇಲೆ ಇಟ್ಟುಕೊಳ್ಳಿ. ಎಚ್‌ಓ ಎಂದು ಕರೆಯುವ ಈ ಪ್ರಮಾಣದಲ್ಲಿ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. (1435 ಮಿ.ಮೀ. ಅಗಲದ ಯೂರೋಪಿನ ಹಳಿಯನ್ನು 87ರಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ನಮ್ಮ 1676 ಮಿ.ಮೀ. ಬ್ರಾಡ್‌ಗೇಜನ್ನು ಭಾಗಿಸಿದರೆ 19.3 ಬರಬೇಕು, ಹಾಗಾಗಿ ಭಾರತೀಯ ಎಂಜಿನ್ನುಗಳ ಎಚ್‌ಓ ಮಾದರಿಗಳು ಸಾಮಾನ್ಯವಾಗಿ ಅಳತೆಗಿಂತ ಕಿರಿದಾದ ಹಳಿಯ ಮೇಲೆಯೇ ಓಡುತ್ತವೆ.) 2017ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆದ, ಕಮಲಾಪುರದ ಮೇಲೆ ಹಾಯುವ ಕಲಬುರಗಿ–ಬೀದರ ಮಾರ್ಗದ ಉದ್ದ ಹತ್ತಿರ ಹತ್ತಿರ 110 ಕಿಲೋಮೀಟರ್, ಅದನ್ನು ಇದೇ ಪ್ರಮಾಣದಲ್ಲಿ ಕಟ್ಟಹೋದರೂ ಒಂದೂಕಾಲು ಕಿಲೋಮೀಟರ್ ಹಳಿ ಬೇಕು. ಆದ್ದರಿಂದ ಮಾದರಿಕಾರರು ದೂರವನ್ನು ಬಿಟ್ಟುಕೊಟ್ಟು ವರ್ತನೆಯನ್ನು ಹಿಡಿಯಲು ನೋಡುತ್ತಾರೆ. ಎಂಜಿನ್ ನಿಧಾನವಾಗಿ ಹೊರಡಬೇಕು, ಹಾರ್ನ್ ಕೂಗಬೇಕು, ದೀಪಗಳು ನಿಯಮದಂತೆ ಹೊತ್ತಬೇಕು. ಪುಣೆಯಲ್ಲಿ 1998ರಿಂದ ಇರುವ ಜೋಶಿಯವರ ಚಿಕ್ಕ ರೈಲುಗಳ ಸಂಗ್ರಹಾಲಯವನ್ನು ಕಂಡವರಿಗೆ ಇದರ ಸೊಗಸು ಗೊತ್ತು.

ಹಳಿಗಳು ಎರಡೇ. ಆ ಎರಡು ಲೋಹದ ಪಟ್ಟಿಗಳ ಮೂಲಕವೇ ಮೋಟಾರಿಗೆ ಶಕ್ತಿಯೂ ಹೋಗಬೇಕು, ಹತ್ತಾರು ದೀಪ ಮತ್ತು ಸದ್ದುಗಳಿಗೆ ಆದೇಶವೂ ಹೋಗಬೇಕು. ಇದು ಹೇಗೆ ಸಾಧ್ಯ? ಆದೇಶ ಎಂಜಿನ್ನಿಗೆ ತಲುಪಿದ ಮೇಲೆ ಯಾವ ಗುಂಡಿಗೆ ಯಾವ ದೀಪ ಎಂಬುದನ್ನು ಯಾರು, ಹೇಗೆ ನಿರ್ಧರಿಸುತ್ತಾರೆ? ಮೊದಲ ಪ್ರಶ್ನೆ ಭೌತಶಾಸ್ತ್ರದ್ದು, ಎರಡನೆಯದು ತರ್ಕಶಾಸ್ತ್ರದ್ದು. ಎರಡನೆಯದರೊಳಗೆ ಒಂದು ಭಾಷೆಯ ತೊಡಕೂ ಅಡಗಿದೆ.

ಹಳೆಯ ವಿಧಾನ ಸರಳವಾಗಿತ್ತು. ಹಳಿಗಳಿಗೆ 0ಯಿಂದ 12 ವೋಲ್ಟ್‌ವರೆಗಿನ ನೇರ ವಿದ್ಯುತ್ತನ್ನು ಕೊಡುವುದು. ವೋಲ್ಟೇಜು ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ, ಧ್ರುವತೆ ಬದಲಿಸಿದರೆ ದಿಕ್ಕು ಬದಲಾಗುತ್ತದೆ. ಇದರ ಕೊರತೆಗಳು ಶಾಲಾ ವಿದ್ಯಾರ್ಥಿಗೂ ಹೊಳೆಯುವಂಥವು. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ. ಎಂಜಿನ್ ನಿಂತಾಗ ವೋಲ್ಟೇಜು ಸೊನ್ನೆ, ಆದ್ದರಿಂದ ದೀಪವೂ ಆರುತ್ತದೆ.

1980ರ ದಶಕದಲ್ಲಿ ಯೂರೋಪಿನ ತಯಾರಕರು ಇದಕ್ಕೆ ಡಿಜಿಟಲ್ ಪರಿಹಾರಗಳನ್ನು ಹುಡುಕಿದರು. ಜರ್ಮನಿಯ ಲೆಂಜ್ ಸಂಸ್ಥೆಯ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು, 1935ರಲ್ಲಿ ಸ್ಥಾಪನೆಯಾದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ, ಅಂದರೆ ಎನ್‌ಎಮ್‌ಆರ್‌ಎ, 1990ರ ದಶಕದ ಮಧ್ಯಭಾಗದಲ್ಲಿ ಡಿಸಿಸಿ ಎಂಬ ಮಾನಕವನ್ನು ರೂಪಿಸಿತು. ಬೇರೆ ಬೇರೆ ಕಂಪನಿಗಳ ಎಂಜಿನ್ನು, ನಿಯಂತ್ರಕಗಳು ಒಂದೇ ಹಳಿಯ ಮೇಲೆ ಕೂಡಿ ಕೆಲಸ ಮಾಡುವಂತಾದದ್ದು ಈ ಮಾನಕದಿಂದ.

ಡಿಸಿಸಿಯಲ್ಲಿ ಹಳಿಗಳ ನಡುವೆ ಯಾವಾಗಲೂ ಪೂರ್ಣ ವೋಲ್ಟೇಜು ಇರುತ್ತದೆ. ಎಚ್‌ಓ ಪ್ರಮಾಣಕ್ಕೆ ಇದು ಸುಮಾರು 15 ವೋಲ್ಟ್. ಆದರೆ ಅದರ ಧ್ರುವತೆ ಒಂದೇ ಸಮನೆ ಅದಲುಬದಲಾಗುತ್ತಿರುತ್ತದೆ; ಅಂದರೆ ಅದೊಂದು ಚೌಕ ತರಂಗ. ಸಂದೇಶ ಅಡಗಿರುವುದು ತರಂಗದ ಎತ್ತರದಲ್ಲಲ್ಲ, ಅದರ ಅಗಲದಲ್ಲಿ. ಅರ್ಧ ತರಂಗ 58 ಮೈಕ್ರೋಸೆಕೆಂಡ್ ಇದ್ದರೆ ಆ ಬಿಟ್‌ನ ಬೆಲೆ ‘1’. 100 ಮೈಕ್ರೋಸೆಕೆಂಡ್ ಅಥವಾ ಹೆಚ್ಚು ಇದ್ದರೆ ‘0’. ಎಂಜಿನ್ನಿನ ಒಳಗೆ ಉಗುರಿನಷ್ಟು ಚಿಕ್ಕ ಡಿಕೋಡರ್ ಕೂತಿರುತ್ತದೆ. ಅದರ ಸೇತುವೆ ರೆಕ್ಟಿಫೈಯರ್ ಧ್ರುವತೆಯ ಗೊಡವೆಯಿಲ್ಲದೆ ನೇರ ವಿದ್ಯುತ್ತನ್ನು ಪಡೆಯುತ್ತದೆ. ಪಕ್ಕದಲ್ಲಿರುವ ಸೂಕ್ಷ್ಮ ನಿಯಂತ್ರಕ ತರಂಗ ಎಷ್ಟೆಷ್ಟು ಹೊತ್ತಿಗೆ ತಿರುಗಿತು ಎಂಬುದನ್ನು ಅಳೆಯುತ್ತದೆ. ಶಕ್ತಿ ಮತ್ತು ಸುದ್ದಿ ಎರಡೂ ಒಂದೇ ತರಂಗದಲ್ಲಿ ಬಂದವು. ಪ್ರಯೋಗಶಾಲೆಯಲ್ಲಿ ಇದನ್ನು ನೋಡಬೇಕಾದರೆ ಆಸಿಲೋಸ್ಕೋಪ್ ಬೇಕು. 1ರ ಸಾಲು ಹರಿಯುವಾಗ ಆವೃತ್ತಿ ಸುಮಾರು 8.6 ಕಿಲೋಹರ್ಟ್ಸ್, 50 ಹರ್ಟ್ಸ್‌ಗೆ ಅಳತೆ ಹೊಂದಿಸಿದ ಸಾಮಾನ್ಯ ಮಲ್ಟಿಮೀಟರಿನ ಎಸಿ ಓದನ್ನು ಇಲ್ಲಿ ನಂಬುವಂತಿಲ್ಲ.

ಒಂದು ಸಂದೇಶವನ್ನು ಕೈಯಲ್ಲೇ ಬರೆದು ನೋಡೋಣ. 3ನೆಯ ವಿಳಾಸದ ಎಂಜಿನ್ನಿಗೆ ‘ಎಫ್0 ಮತ್ತು ಎಫ್2 ಚಾಲೂ, ಎಫ್1, ಎಫ್3, ಎಫ್4 ಬಂದ್’ ಎಂದು ಹೇಳಬೇಕಾಗಿದೆ. ಮೊದಲು ಹದಿನಾಲ್ಕು 1ಗಳ ಪೀಠಿಕೆ. ಆಮೇಲೆ ಒಂದು 0, ಎಂಟು ಬಿಟ್‌ಗಳ ವಿಳಾಸ 00000011. ಮತ್ತೆ 0, ಆದೇಶ 10010010. ಮತ್ತೆ 0, ತಪ್ಪು ಪತ್ತೆಯ ಬೈಟ್. ಕೊನೆಗೆ ಒಂದು 1. ಆದೇಶದ ಮೊದಲ ಮೂರು ಬಿಟ್ 100 ಎಂದರೆ ‘ಇದು ಎಫ್0ಯಿಂದ ಎಫ್4ವರೆಗಿನ ಗುಂಪು’ ಎಂದರ್ಥ. ಮುಂದಿನ ಬಿಟ್ ಎಫ್0ದು, ಉಳಿದ ನಾಲ್ಕು ಕ್ರಮವಾಗಿ ಎಫ್4, 3, 2, 1ರವು. ತಪ್ಪು ಪತ್ತೆಯ ಬೈಟನ್ನು ಪಡೆಯಲು ವಿಳಾಸ ಮತ್ತು ಆದೇಶಗಳನ್ನು ಬಿಟ್ಟಿಗೆ ಬಿಟ್ ಹೋಲಿಸಿ, ಎರಡೂ ಒಂದೇ ಇದ್ದರೆ 0, ಬೇರೆ ಇದ್ದರೆ 1 ಬರೆಯಬೇಕು: 10010001. ಒಟ್ಟು 42 ಬಿಟ್‌ಗಳಾದವು. ಎಣಿಸಿದರೆ 23 ಒಂದುಗಳು, 19 ಸೊನ್ನೆಗಳು. ಕಾಲ 23 × 116 + 19 × 200 = 6468 ಮೈಕ್ರೋಸೆಕೆಂಡ್, ಅಂದರೆ ಸುಮಾರು ಆರೂವರೆ ಮಿಲಿಸೆಕೆಂಡ್. ಸೆಕೆಂಡಿಗೆ ಇಂಥ ನೂರೈವತ್ತು ಸಂದೇಶ ಕಳಿಸಬಹುದು. ಹತ್ತು ಎಂಜಿನ್ನುಗಳಿದ್ದರೂ ಪ್ರತಿಯೊಂದಕ್ಕೂ ಸೆಕೆಂಡಿಗೆ ಹದಿನೈದು ಸಲ ಸುದ್ದಿ ಮುಟ್ಟುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸಂದೇಶದಲ್ಲಿರುವುದು ‘ಎಫ್2 ಗುಂಡಿ ಒತ್ತಲಾಯಿತು’ ಎಂಬ ಘಟನೆಯಲ್ಲ. ‘ಎಫ್2 ಈಗ ಚಾಲೂ ಸ್ಥಿತಿಯಲ್ಲಿದೆ’ ಎಂಬ ಸ್ಥಿತಿ. ಹಳಿಯ ಮೇಲೆ ಧೂಳು ಕೂತು ಸಂದೇಶಗಳು ಕಳೆದುಹೋಗುವುದು ಸಾಮಾನ್ಯ, ಅದರಲ್ಲೂ ನಮ್ಮ ಭಾಗದ ಬೇಸಿಗೆ ಧೂಳಿನಲ್ಲಿ. ಘಟನೆಯನ್ನು ಕಳಿಸುವ ಪದ್ಧತಿಯಿದ್ದು ಒಂದು ಸಂದೇಶ ತಪ್ಪಿದರೆ ಗುಂಡಿಗೂ ದೀಪಕ್ಕೂ ಶಾಶ್ವತವಾಗಿ ಉಲ್ಟಾ ಸಂಬಂಧ ಏರ್ಪಡುತ್ತಿತ್ತು. ಸ್ಥಿತಿಯನ್ನು ಕಳಿಸಿದರೆ ಒಂದು ತಪ್ಪಿದರೂ ಮುಂದಿನದು ಸರಿಪಡಿಸುತ್ತದೆ. ಅದೇ ಸಂದೇಶ ಹತ್ತು ಸಲ ಬಂದರೂ ಹಾನಿಯಿಲ್ಲ. ಗುಂಡಿಯನ್ನು ಒತ್ತಿ ಬಿಟ್ಟರೂ ದೀಪ ಉರಿಯುತ್ತಿರಬೇಕೇ, ಹಾರ್ನಿನಂತೆ ಒತ್ತಿದಷ್ಟು ಹೊತ್ತು ಮಾತ್ರವೇ ಎಂಬುದನ್ನು ಕೈಯಲ್ಲಿರುವ ನಿಯಂತ್ರಕ ನಿರ್ಧರಿಸುತ್ತದೆ.

ಮೊದಲು ಐದು ಫಂಕ್ಷನ್‌ಗಳಿದ್ದ ಗುಂಪಿಗೆ ಬರಬರುತ್ತ ಬೇರೆ ಗುಂಪುಗಳು ಸೇರಿದವು: ಎಫ್12ವರೆಗೆ, ಆಮೇಲೆ ಎಫ್28ವರೆಗೆ. ಈಗಿನ ಮಾನಕಗಳಲ್ಲಿ ಎಫ್68ವರೆಗೂ ಸಂದೇಶಗಳಿಗೆ ಜಾಗವಿದೆ. ಸದ್ದು ಮಾಡುವ ಡಿಕೋಡರ್‌ಗಳು ಬಂದ ಮೇಲೆ ಈ ಸಂಖ್ಯೆ ಏರದೆ ಗತಿಯಿರಲಿಲ್ಲ.

ಇನ್ನು ಶಬ್ದದ ತೊಡಕಿಗೆ ಬರೋಣ. ‘ಫಂಕ್ಷನ್’ ಎಂಬುದು ಕನ್ನಡದಲ್ಲಿ ಈಗಾಗಲೇ ಸಾಕಷ್ಟು ಕೆಲಸ ಮಾಡಿ ದಣಿದ ಪದ. ಮನೆಯಲ್ಲಿ ಫಂಕ್ಷನ್ ಇದೆ ಎಂದರೆ ನಾಮಕರಣವೋ ಗೃಹಪ್ರವೇಶವೋ ಇರುತ್ತದೆ. ಗಣಿತದಲ್ಲಿ ಇದನ್ನು ಫಲನ ಎನ್ನುವವರಿದ್ದಾರೆ, ಉತ್ಪನ್ನ ಎನ್ನುವವರೂ ಇದ್ದಾರೆ. ಮಾದರಿ ರೈಲಿನಲ್ಲಿ ಅದು ಕಡಿಮೆಯೆಂದರೂ ನಾಲ್ಕು ಬೇರೆ ಬೇರೆ ವಸ್ತುಗಳಿಗೆ ಹೆಸರಾಗಿದೆ. ನಿಯಂತ್ರಕದ ಮೇಲಿನ ಗುಂಡಿಯೂ ಫಂಕ್ಷನ್. ಹಳಿಯ ಮೇಲೆ ಹೋಗುವ ಸಂಖ್ಯೆಯೂ ಫಂಕ್ಷನ್. ಡಿಕೋಡರಿನಿಂದ ಹೊರಬರುವ ತಂತಿಯೂ ಫಂಕ್ಷನ್. ತಂತಿಯ ತುದಿಯಲ್ಲಿ ಉರಿಯುವ ದೀಪವೋ, ಹೊಗೆಯೋ, ಸದ್ದೋ ಅದೂ ಫಂಕ್ಷನ್. ಕೆಲವು ಕೈಪಿಡಿಗಳಲ್ಲಿ ಒಂದೇ ಪುಟದಲ್ಲಿ ಈ ನಾಲ್ಕೂ ಅರ್ಥಗಳು ಬರುತ್ತವೆ.

ಇದರಿಂದ ಆಗುವ ಗೊಂದಲ ಸಣ್ಣದಲ್ಲ. ಡಿಕೋಡರಿನ ತಂತಿಗಳ ಬಣ್ಣಗಳನ್ನು ಎನ್‌ಎಮ್‌ಆರ್‌ಎ ನಿಗದಿಪಡಿಸಿದೆ. ಕೆಂಪು ಮತ್ತು ಕಪ್ಪು ಹಳಿಗಳಿಗೆ, ಕಿತ್ತಳೆ ಮತ್ತು ಬೂದು ಮೋಟಾರಿಗೆ. ನೀಲಿ ಎಲ್ಲ ದೀಪಗಳಿಗೂ ಸಾಮಾನ್ಯವಾದ ಧನ ತುದಿ. ಬಿಳಿ ತಂತಿ ಮುಂದಿನ ಹೆಡ್‌ಲೈಟಿಗೆ, ಹಳದಿ ಹಿಂದಿನ ಹೆಡ್‌ಲೈಟಿಗೆ. ಹಸಿರು ತಂತಿಗೆ ‘ಆಕ್ಸ್ 1’ ಎಂದು ಹೆಸರು, ನೇರಳೆಗೆ ‘ಆಕ್ಸ್ 2’. ಮಾನಕದ ಕೋಷ್ಟಕದಲ್ಲಾದರೋ ಬಿಳಿ ಔಟ್‌ಪುಟ್ 1, ಹಳದಿ ಔಟ್‌ಪುಟ್ 2, ಹಸಿರು ಔಟ್‌ಪುಟ್ 3. ಹೀಗಾಗಿ ‘1’ ಎಂಬ ಒಂದೇ ಅಂಕಿ ಎಫ್1 ಆದೇಶವನ್ನೂ, ಔಟ್‌ಪುಟ್ 1 ಎಂಬ ಬಿಳಿ ತಂತಿಯನ್ನೂ, ಆಕ್ಸ್ 1 ಎಂಬ ಹಸಿರು ತಂತಿಯನ್ನೂ ಸೂಚಿಸುತ್ತದೆ. ಪದವಿ ವಿದ್ಯಾರ್ಥಿಗಳ ಗುಂಪೊಂದು ‘ಎಫ್1ಕ್ಕೆ 1ನ್ನು ಜೋಡಿಸಿ’ ಎಂಬ ಟಿಪ್ಪಣಿ ಓದಿ, ಹಸಿರು ತಂತಿಯ ದೀಪಕ್ಕಾಗಿ ಕಾಯುತ್ತ, ಮುಂದಿನ ಹೆಡ್‌ಲೈಟ್ ಯಾಕೆ ಎರಡೂ ದಿಕ್ಕಿನಲ್ಲಿ ಉರಿಯುತ್ತಿದೆ ಎಂದು ಒಂದು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ಡಿಕೋಡರ್ ಹೇಳಿದ್ದನ್ನೇ ಮಾಡುತ್ತಿತ್ತು. ಹೇಳಿಕೆಯಲ್ಲಿ ದೋಷವಿತ್ತು.

ಆದ್ದರಿಂದ ಈ ಲೇಖನದಲ್ಲಿ ನಾಲ್ಕು ಪದಗಳನ್ನು ಬಿಗಿಯಾಗಿ ಹಿಡಿಯೋಣ. ಬೆರಳು ಒತ್ತುವುದು ಗುಂಡಿ. ಹಳಿಯ ಮೇಲೆ ಹೋಗುವ ಎಫ್0, ಎಫ್1 ಮುಂತಾದವು ಆದೇಶಗಳು. ಡಿಕೋಡರಿನಿಂದ ಹೊರಡುವ ತಂತಿ ಔಟ್‌ಪುಟ್. ಅದರ ತುದಿಯಲ್ಲಿ ಕಾಣುವುದು, ಕೇಳುವುದು ಪರಿಣಾಮ. ಔಟ್‌ಪುಟ್ ಎಂಬುದಕ್ಕೆ ಸಂಸ್ಕೃತ ಮೂಲದ ಪದವನ್ನು ಹುಡುಕಬಹುದಿತ್ತು. ಆದರೆ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ರೇಡಿಯೋ ರಿಪೇರಿ ಅಂಗಡಿಯಲ್ಲೂ ಔಟ್‌ಪುಟ್ ಎಂದರೆ ತಿಳಿಯುತ್ತದೆ. ತಿಳಿದಿರುವ ಪದವನ್ನು ಬಿಟ್ಟು ತಿಳಿಯದ ಪದ ತರುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ. ಪದ ಎಲ್ಲಿಯದಾದರೂ ಸರಿ, ಒಂದು ಪದಕ್ಕೆ ಒಂದೇ ಅರ್ಥವಿರಬೇಕು.

ಹೀಗೆ ಪದಗಳನ್ನು ಬೇರ್ಪಡಿಸಿದ ಕೂಡಲೇ ಫಂಕ್ಷನ್ ಮ್ಯಾಪಿಂಗ್ ಎಂದರೇನು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಆದೇಶಗಳ ಗಣ ಒಂದು ಕಡೆ, ಔಟ್‌ಪುಟ್‌ಗಳ ಗಣ ಇನ್ನೊಂದು ಕಡೆ. ಅವುಗಳ ನಡುವಿನ ಸಂಬಂಧವೇ ಮ್ಯಾಪಿಂಗ್. ಅದನ್ನು ಹೊಂದಾಣಿಕೆ ಎನ್ನೋಣ. ಗುಂಡಿಯಿಂದ ಆದೇಶಕ್ಕೂ ಒಂದು ಹೊಂದಾಣಿಕೆ ಇರಬಹುದು, ಆದರೆ ಅದು ನಿಯಂತ್ರಕದ ವಿಷಯ. ಎಂಜಿನ್ ಬೇರೆಯವರ ಮನೆಗೆ ಹೋದರೆ ಅದು ಜೊತೆಗೆ ಹೋಗುವುದಿಲ್ಲ.

ಈ ಹೊಂದಾಣಿಕೆಯನ್ನು ಡಿಕೋಡರ್ ತನ್ನ ಸ್ಮೃತಿಯಲ್ಲಿ ಸಿವಿ ಎಂಬ ಕೋಶಗಳಲ್ಲಿ ಇಟ್ಟುಕೊಂಡಿರುತ್ತದೆ. ಸಿವಿ 1ರಲ್ಲಿ ಎಂಜಿನ್ನಿನ ವಿಳಾಸ, 3 ಮತ್ತು 4ರಲ್ಲಿ ವೇಗ ಏರುವ ಇಳಿಯುವ ದರ ಹೀಗೆ. ಮಾನಕವು ಸಿವಿ 33ರಿಂದ 46ರವರೆಗಿನ ಹದಿನಾಲ್ಕು ಕೋಶಗಳನ್ನು ಹೊಂದಾಣಿಕೆಗಾಗಿ ಮೀಸಲಿಟ್ಟಿತು. ಮುಂದಕ್ಕೆ ಹೋಗುವಾಗಿನ ಎಫ್0ಕ್ಕೆ ಸಿವಿ 33, ಹಿಂದಕ್ಕೆ ಹೋಗುವಾಗಿನ ಎಫ್0ಕ್ಕೆ 34, ಎಫ್1ಕ್ಕೆ 35, ಎಫ್2ಕ್ಕೆ 36, ಹೀಗೆ ಎಫ್12ಕ್ಕೆ 46. ಪ್ರತಿ ಸಿವಿಯ ಎಂಟು ಬಿಟ್‌ಗಳು ಎಂಟು ಔಟ್‌ಪುಟ್‌ಗಳಿಗೆ ಸೇರಿದವು. ಎಫ್1 ಆದೇಶದಿಂದ ಔಟ್‌ಪುಟ್ 3 ಚಾಲೂ ಆಗಬೇಕಾದರೆ ಸಿವಿ 35ರ ಮೂರನೆಯ ಬಿಟ್ 1 ಆಗಬೇಕು. ಅಂದರೆ ಬೆಲೆ 4. ಔಟ್‌ಪುಟ್ 3 ಮತ್ತು 4 ಎರಡೂ ಬೇಕಾದರೆ 4 + 8 = 12. ಮೇಲೆ ಹೇಳಿದ ವಿದ್ಯಾರ್ಥಿಗಳು 4ರ ಬದಲು 1 ಬರೆದಿದ್ದರು, ಅಷ್ಟೇ.

ಇದು ದ್ವಿಮಾನ ಪದ್ಧತಿಯ ಚೆಂದದ ಬಳಕೆ. ಆದರೆ ಔಟ್‌ಪುಟ್‌ಗಳು ಹದಿನಾಲ್ಕು, ಒಂದು ಸಿವಿಯಲ್ಲಿ ಬಿಟ್‌ಗಳು ಎಂಟೇ. ಎರಡೆರಡು ಸಿವಿ ಕೊಟ್ಟಿದ್ದರೆ 28 ಕೋಶಗಳು ಬೇಕಾಗುತ್ತಿದ್ದವು. ಮಾನಕ ಹಾಗೆ ಮಾಡದೆ ಒಂದು ಜರುಗುವ ಕಿಟಕಿಯನ್ನು ಇಟ್ಟಿತು. ಮೊದಲ ಕೆಲವು ಆದೇಶಗಳಿಗೆ ಔಟ್‌ಪುಟ್ 1ರಿಂದ 8ರವರೆಗೆ ಕಾಣುತ್ತದೆ, ನಡುವಿನವಕ್ಕೆ 4ರಿಂದ 11ರವರೆಗೆ, ಕೊನೆಯವಕ್ಕೆ 7ರಿಂದ 14ರವರೆಗೆ. ಇದರಿಂದ ಎರಡು ವಿಚಿತ್ರಗಳು ಹುಟ್ಟಿದವು. ಔಟ್‌ಪುಟ್ 4ನ್ನು ಎಫ್1ಕ್ಕೆ ಜೋಡಿಸಲು ಸಿವಿ 35ರಲ್ಲಿ 8 ಬರೆಯಬೇಕು. ಅದೇ ಔಟ್‌ಪುಟ್ 4ನ್ನು ಎಫ್6ಕ್ಕೆ ಜೋಡಿಸಲು ಸಿವಿ 40ರಲ್ಲಿ 1 ಬರೆಯಬೇಕು. ಮತ್ತು ಎಫ್10ರಿಂದ ಹೆಡ್‌ಲೈಟ್ ಹೊತ್ತಿಸುವುದು ಸಾಧ್ಯವೇ ಇಲ್ಲ, ಏಕೆಂದರೆ ಸಿವಿ 44ರ ಕಿಟಕಿಯಿಂದ ಔಟ್‌ಪುಟ್ 1 ಕಾಣುವುದಿಲ್ಲ. ಆಸ್ಟ್ರಿಯದ ಜಿಮೊದಂಥ ತಯಾರಕರು ಈ ಜರುಗುವಿಕೆಯನ್ನು ನಿಲ್ಲಿಸುವ ಆಯ್ಕೆಯನ್ನು ಕೊಟ್ಟರು. ಅನುಕೂಲವಾಯಿತು, ಆದರೆ ಒಂದೇ ಸಂಖ್ಯೆಗೆ ಬೇರೆ ಬೇರೆ ಡಿಕೋಡರ್‌ಗಳಲ್ಲಿ ಬೇರೆ ಬೇರೆ ಅರ್ಥವೂ ಬಂತು.

ಕಿಟಕಿಯ ತೊಡಕು ಸ್ಮೃತಿಯ ಕೊರತೆಯದು; ಹೆಚ್ಚು ಕೋಶ ಕೊಟ್ಟರೆ ಹೋಗುತ್ತದೆ. ಇದಕ್ಕಿಂತ ಆಳವಾದ ಒಂದು ಮಿತಿ ಈ ಪದ್ಧತಿಯ ತರ್ಕದಲ್ಲೇ ಇದೆ, ಅದು ಎಷ್ಟು ಸ್ಮೃತಿ ಸುರಿದರೂ ಹೋಗುವಂಥದ್ದಲ್ಲ. ಪಿಯುಸಿಯಲ್ಲಿ ತರ್ಕದ್ವಾರಗಳನ್ನು ಓದಿದವರು ಇದನ್ನು ತಾವೇ ಸಾಧಿಸಬಹುದು. ಸಿವಿ 33ರಿಂದ 46ರ ಕೋಷ್ಟಕ ಹೇಳುವುದಿಷ್ಟು: ಒಂದು ಔಟ್‌ಪುಟ್ಟಿಗೆ ಜೋಡಿಸಿದ ಆದೇಶಗಳಲ್ಲಿ ಯಾವುದಾದರೂ ಒಂದು ಚಾಲೂ ಇದ್ದರೆ ಆ ಔಟ್‌ಪುಟ್ ಚಾಲೂ. ಅಂದರೆ ಇಲ್ಲಿರುವುದು ‘ಅಥವಾ’ ದ್ವಾರ ಮಾತ್ರ. ‘ಮತ್ತು’ ಇಲ್ಲ, ‘ಅಲ್ಲ’ ಇಲ್ಲ. ‘ಅಥವಾ’ ದ್ವಾರದ ಒಂದು ಒಳಬರುವ ತುದಿ 0ಯಿಂದ 1ಕ್ಕೆ ಏರಿದರೆ ಅದರ ಫಲಿತಾಂಶ ಇದ್ದಲ್ಲೇ ಇರುತ್ತದೆ ಅಥವಾ ಏರುತ್ತದೆ, ಎಂದೂ ಇಳಿಯುವುದಿಲ್ಲ. ಆದ್ದರಿಂದ ಎಂಜಿನ್ನಿನ ದಿಕ್ಕು ಬದಲಿಸದೆ ಇನ್ನಷ್ಟು ಆದೇಶಗಳನ್ನು ಚಾಲೂ ಮಾಡಿ ಯಾವ ದೀಪವನ್ನೂ ಆರಿಸಲು ಸಾಧ್ಯವಿಲ್ಲ. ‘ಎಫ್5 ಒತ್ತಿದರೆ ಹೆಡ್‌ಲೈಟ್ ಆರಲಿ’ ಎಂಬ ಸರಳ ಬಯಕೆ ಈ ಕೋಷ್ಟಕಕ್ಕೆ ಹೊರಗಿನದು. ಗಣಿತದಲ್ಲಿ ಇಂಥ ಫಲನಗಳನ್ನು ಏಕಮುಖ ಫಲನಗಳು ಎನ್ನಬಹುದು.

ಮೂರನೆಯ ಮಿತಿ ದಿಕ್ಕಿಗೆ ಸಂಬಂಧಿಸಿದ್ದು. ಮುಂದೆ, ಹಿಂದೆ ಎಂದು ಎರಡು ಸಿವಿಗಳಿರುವುದು ಎಫ್0 ಒಂದಕ್ಕೇ. ಎಫ್4ರಿಂದ ‘ಹಿಂದಿನ ತುದಿಯ ಕೆಂಪು ದೀಪ’ ಎಂದು ಹೇಳಲು ದಾರಿಯಿಲ್ಲ, ಏಕೆಂದರೆ ಯಾವುದು ಹಿಂದಿನ ತುದಿ ಎಂಬುದು ದಿಕ್ಕಿನೊಂದಿಗೆ ಬದಲಾಗುತ್ತದೆ. ಬೆಳಕಿನ ಪರಿಣಾಮಗಳ ಸಿವಿಗಳಲ್ಲಿ ‘ಈ ಔಟ್‌ಪುಟ್ ಮುಂದಕ್ಕೆ ಹೋಗುವಾಗ ಮಾತ್ರ’ ಎಂದು ಗುರುತು ಮಾಡುವ ಉಪಾಯವನ್ನು ಹಲವು ತಯಾರಕರು ಕಂಡುಕೊಂಡರು. ಆದರೆ ಆ ಗುರುತು ಔಟ್‌ಪುಟ್ಟಿಗೆ ಅಂಟಿಕೊಳ್ಳುತ್ತದೆ, ಎಲ್ಲ ಆದೇಶಗಳಿಗೂ ಅನ್ವಯಿಸುತ್ತದೆ. ಒಂಟಿ ಎಂಜಿನ್ನಿನ ಕೆಂಪು ಸರಿಹೋದರೆ ಶಂಟಿಂಗಿನ ಕೆಂಪು ಕೆಡುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದೇ ವಿಸ್ತೃತ ಹೊಂದಾಣಿಕೆ. ಎಂಜಿನ್ನಿನ ದೀಪಗಳ ನಿಯಮಗಳು ಬಹಳ ಜಟಿಲವಾಗಿರುವ ಸ್ವಿಟ್ಜರ್ಲೆಂಡಿನ ಮಾದರಿಗಳಿಗಾಗಿ ಜಿಮೊ ರೂಪಿಸಿದ್ದಕ್ಕೆ ‘ಸ್ವಿಸ್ ಮ್ಯಾಪಿಂಗ್’ ಎಂದೇ ಹೆಸರು. ಜರ್ಮನಿಯ ಇಎಸ್‌ಯು ಸಂಸ್ಥೆಯ ಡಿಕೋಡರ್‌ಗಳಲ್ಲಿ ಇದು ಸಾಲು ಸಾಲಾದ ಕೋಷ್ಟಕವಾಗಿದೆ. ಯೂರೋಪಿನ ತಯಾರಕರ ಒಕ್ಕೂಟವಾದ ರೈಲ್‌ಕಮ್ಯುನಿಟಿ ಇದಕ್ಕೊಂದು ಮಾನಕವನ್ನೂ ಪ್ರಕಟಿಸಿದೆ. ವಿವರಗಳು ಬೇರೆಯಾದರೂ ಇಎಸ್‌ಯು ಬಗೆಯ ಕೋಷ್ಟಕದಲ್ಲಿ ಮೂಲ ವಿಚಾರ ಸ್ಪಷ್ಟವಾಗಿ ಕಾಣುತ್ತದೆ: ಒಂದು ಸಾಲಿನ ಎಡಗಡೆ ಷರತ್ತುಗಳು, ಬಲಗಡೆ ಔಟ್‌ಪುಟ್‌ಗಳು. ಷರತ್ತುಗಳೆಲ್ಲ ಒಟ್ಟಿಗೆ ಈಡೇರಿದರೆ ಬಲಗಡೆಯವು ಚಾಲೂ. ‘ಎಫ್5 ಚಾಲೂ ಇರಬಾರದು’ ಎಂಬುದೂ ಷರತ್ತಾಗಬಹುದು. ‘ಮುಂದಕ್ಕೆ’, ‘ಹಿಂದಕ್ಕೆ’, ‘ನಿಂತಿದೆ’, ‘ಚಲಿಸುತ್ತಿದೆ’ ಕೂಡ. ಸಾಲಿನೊಳಗೆ ‘ಮತ್ತು’, ‘ಅಲ್ಲ’. ಸಾಲುಗಳ ನಡುವೆ ‘ಅಥವಾ’. ಬೂಲಿಯನ್ ಬೀಜಗಣಿತದಲ್ಲಿ ಗುಣಲಬ್ಧಗಳ ಮೊತ್ತ ಎಂದು ಕಲಿಸುವ ರೂಪ ಇದೇ. ಸಾಲುಗಳು ಸಾಕಷ್ಟಿದ್ದರೆ ಯಾವ ಸತ್ಯಕೋಷ್ಟಕವನ್ನಾದರೂ ಹೀಗೆ ಬರೆಯಬಹುದು ಎಂಬುದು ನಮಗೆ ಗೊತ್ತಿರುವ ಪ್ರಮೇಯ. (ಈ ಬೀಜಗಣಿತಕ್ಕೆ ಬೂಲ್‌ನ ಜೊತೆ ಅಡಿಪಾಯ ಹಾಕಿದ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ಮದುರೈಯಲ್ಲಿ, 1806ರಲ್ಲಿ.)

ಸಾಲುಗಳಿಗೆ ಜಾಗ ಎಲ್ಲಿಂದ ಬಂತು? ಮಾನಕದಲ್ಲಿ ಸಿವಿಗಳು 1024 ಮಾತ್ರ. ಸಿವಿ 257ರಿಂದ 512ರವರೆಗಿನ 256 ಕೋಶಗಳನ್ನು ಪುಸ್ತಕದ ಒಂದು ತೆರೆದ ಪುಟ ಎಂದುಕೊಳ್ಳಿ. ಯಾವ ಪುಟ ತೆರೆದಿದೆ ಎಂಬುದನ್ನು ಸಿವಿ 31 ಮತ್ತು 32 ಹೇಳುತ್ತವೆ. ಎರಡು ಬೈಟ್‌ಗಳಿಂದ 65,536 ಪುಟಗಳನ್ನು ಎಣಿಸಬಹುದು. ಕೆಲವನ್ನು ಮೀಸಲಿಟ್ಟರೂ ಬೇಕಾದಷ್ಟು ಉಳಿಯುತ್ತವೆ. ಆದರೆ 31, 32ರಲ್ಲಿ ತಪ್ಪು ಸಂಖ್ಯೆ ಇದ್ದಾಗ ಬರೆದದ್ದು ಬೇರೊಂದು ಪುಟಕ್ಕೆ ಹೋಗಿ ಕೂರುತ್ತದೆ. ಕೈಯಿಂದ ಬರೆಯುವುದಕ್ಕಿಂತ ಜೆಎಮ್‌ಆರ್‌ಐ ಎಂಬ ಮುಕ್ತ ತಂತ್ರಾಂಶದಂಥ ಸಾಧನವನ್ನು ಬಳಸುವುದು ಒಳ್ಳೆಯದು.

ಈಗ ಮೊದಲ ಪ್ಯಾರಾದ ಎಂಜಿನ್ನಿಗೆ ಬರೋಣ. ನಮ್ಮ ಮಾರ್ಗ ವಿದ್ಯುದೀಕರಣಗೊಂಡ ಮೇಲೆ ಸಾಮಾನ್ಯವಾಗಿ ಕಾಣುವ ಡಬ್ಲ್ಯೂಎಪಿ-7 ಎಂಜಿನ್ನಿಗೆ ಎರಡು ತುದಿಗೂ ಕ್ಯಾಬ್‌ಗಳಿವೆ. ಡಿಕೋಡರಿನಲ್ಲಿ ಆರು ಔಟ್‌ಪುಟ್‌ಗಳಿವೆ ಎಂದುಕೊಳ್ಳೋಣ. ಮೊದಲ ಕ್ಯಾಬಿನ ಹೆಡ್‌ಲೈಟ್ ಮತ್ತು ಬಿಳಿ ಮಾರ್ಕರ್ ಸೇರಿ ಔಟ್‌ಪುಟ್ 1. ಎರಡನೆಯ ಕ್ಯಾಬಿನವು ಔಟ್‌ಪುಟ್ 2. ಮೊದಲ ಕ್ಯಾಬಿನ ಕೆಂಪು 3, ಎರಡನೆಯದರ ಕೆಂಪು 4. ಫ್ಲ್ಯಾಷರ್ 5, ಕ್ಯಾಬ್ ಒಳಗಿನ ದೀಪ 6. ಆದೇಶಗಳಲ್ಲಿ ಎಫ್0 ಹೆಡ್‌ಲೈಟಿಗೆ, ಎಫ್1 ಶಂಟಿಂಗ್‌ಗೆ, ಎಫ್2 ಫ್ಲ್ಯಾಷರಿಗೆ, ಎಫ್4 ಒಂಟಿ ಓಟಕ್ಕೆ, ಎಫ್6 ಕ್ಯಾಬ್ ದೀಪಕ್ಕೆ. ಆಗ ಬೇಕಾದದ್ದು ಹೀಗಿರುತ್ತದೆ:

ಔಟ್‌ಪುಟ್ 1 = ಮುಂದಕ್ಕೆ ಮತ್ತು ಎಫ್0
ಔಟ್‌ಪುಟ್ 2 = ಹಿಂದಕ್ಕೆ ಮತ್ತು ಎಫ್0
ಔಟ್‌ಪುಟ್ 3 = (ಹಿಂದಕ್ಕೆ ಮತ್ತು ಎಫ್4) ಅಥವಾ ಎಫ್1
ಔಟ್‌ಪುಟ್ 4 = (ಮುಂದಕ್ಕೆ ಮತ್ತು ಎಫ್4) ಅಥವಾ ಎಫ್1
ಔಟ್‌ಪುಟ್ 5 = ಎಫ್2, ಮಿನುಗುವ ಪರಿಣಾಮದೊಂದಿಗೆ
ಔಟ್‌ಪುಟ್ 6 = ಎಫ್6 ಮತ್ತು ನಿಂತಿದೆ

ಕೊನೆಯ ಸಾಲಿನ ಷರತ್ತು ಸುಮ್ಮನೆ ಹಾಕಿದ್ದಲ್ಲ. ರಾತ್ರಿ ಓಡುವಾಗ ಕ್ಯಾಬಿನೊಳಗೆ ದೀಪ ಉರಿದರೆ ಗಾಜಿನಲ್ಲಿ ಒಳಗಿನ ಪ್ರತಿಬಿಂಬ ಮೂಡಿ ಹೊರಗಿನ ಸಿಗ್ನಲ್ ಕಾಣುವುದು ಕಷ್ಟ.

ಹಳೆಯ ಹದಿನಾಲ್ಕು ಸಿವಿಗಳಿಂದ ಇದರಲ್ಲಿ ಎಷ್ಟು ಆಗುತ್ತದೆ? ಸಿವಿ 33 = 1, ಸಿವಿ 34 = 2 ಎಂದು ಬರೆದರೆ ಮೊದಲೆರಡು ಸಾಲು ಮುಗಿದವು. ಸಿವಿ 35 = 12ರಿಂದ ಶಂಟಿಂಗಿನ ಎರಡು ಕೆಂಪುಗಳು ಬಂದವು. ಸಿವಿ 36 = 16 ಎಂದರೆ ಫ್ಲ್ಯಾಷರ್. ಸಿವಿ 40 = 4ರಿಂದ ಕ್ಯಾಬ್ ದೀಪ ಹೊತ್ತುತ್ತದೆ, ಆದರೆ ಎಂಜಿನ್ ಓಡುವಾಗಲೂ ಹೊತ್ತಿಯೇ ಇರುತ್ತದೆ. ಒಂಟಿ ಓಟದ ಕೆಂಪು ಮಾತ್ರ ಯಾವ ರೀತಿಯಲ್ಲೂ ಬರುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ನೋಡಿದರೆ ನಿಜವಾದ ರೈಲಿನಲ್ಲಿ ಅತಿ ಮುಖ್ಯವಾದ ದೀಪಗಳಲ್ಲಿ ಅದೂ ಒಂದು ಎಂಬುದು ವಿಪರ್ಯಾಸ. ವಿಸ್ತೃತ ಕೋಷ್ಟಕದಲ್ಲಾದರೆ ಏಳೇ ಸಾಲುಗಳಲ್ಲಿ ಎಲ್ಲವೂ ಮುಗಿಯುತ್ತದೆ: ಒಂಟಿ ಓಟಕ್ಕೆ ದಿಕ್ಕಿಗೊಂದರಂತೆ ಎರಡು, ಶಂಟಿಂಗ್‌ಗೆ ಒಂದು, ಉಳಿದವಕ್ಕೆ ನಾಲ್ಕು. ಎದುರಿನಿಂದ ಗಾಡಿ ಬಂದಾಗ ಹೆಡ್‌ಲೈಟನ್ನು ಮಂಕಾಗಿಸಬೇಕೆಂದರೆ ಎಫ್5ನ್ನು ತಂದು ಮೊದಲ ಸಾಲನ್ನು ಎರಡಾಗಿ ಒಡೆಯಬೇಕು. ‘ಮುಂದಕ್ಕೆ ಮತ್ತು ಎಫ್0 ಮತ್ತು ಎಫ್5 ಅಲ್ಲ’ ಎಂದಾಗ ಪೂರ್ಣ ಪ್ರಕಾಶ. ‘ಮುಂದಕ್ಕೆ ಮತ್ತು ಎಫ್0 ಮತ್ತು ಎಫ್5’ ಎಂದಾಗ ಕಡಿಮೆ ಪ್ರಕಾಶ. ಮಂಕು ಎಂದರೆ ಇಲ್ಲಿ ವೋಲ್ಟೇಜು ಇಳಿಸುವುದಲ್ಲ. ದೀಪವನ್ನು ಕಣ್ಣಿಗೆ ಗೊತ್ತಾಗದಷ್ಟು ಬೇಗ ಹೊತ್ತಿಸಿ ಆರಿಸುವುದು, ಮತ್ತು ಹೊತ್ತಿರುವ ಕಾಲದ ಪಾಲನ್ನು ಕಡಿಮೆ ಮಾಡುವುದು.

‘ಮುಂದಕ್ಕೆ’ ಎಂಬ ಪದವನ್ನೂ ಸ್ವಲ್ಪ ಉಜ್ಜಿ ನೋಡಬೇಕು. ಹಳೆಯ ನೇರ ವಿದ್ಯುತ್ ಪದ್ಧತಿಯಲ್ಲಿ ದಿಕ್ಕು ಹಳಿಗೆ ಸೇರಿದ್ದು. ಎಂಜಿನ್ನನ್ನು ಎತ್ತಿ ತಿರುಗಿಸಿ ಇಟ್ಟರೂ ಅದು ಕೋಣೆಯ ಅದೇ ಗೋಡೆಯ ಕಡೆಗೆ ಹೋಗುತ್ತದೆ, ಏಕೆಂದರೆ ಧನ ಹಳಿ ಅದರ ಬಲದಿಂದ ಎಡಕ್ಕೆ ಬಂದಿರುತ್ತದೆ. ಡಿಸಿಸಿಯಲ್ಲಿ ದಿಕ್ಕು ಎಂಜಿನ್ನಿಗೆ ಸೇರಿದ್ದು. ತಿರುಗಿಸಿ ಇಟ್ಟರೆ ಅದು ಎದುರು ಗೋಡೆಯ ಕಡೆಗೆ ಹೊರಡುತ್ತದೆ, ಆದರೆ ತನ್ನ ಮೂತಿಯ ಕಡೆಗೇ. ಚೌಕಟ್ಟು ಬದಲಾದರೆ ಒಂದೇ ಪದದ ಅರ್ಥ ಬದಲಾಗುತ್ತದೆ ಎಂಬುದಕ್ಕೆ ಒಂಬತ್ತನೆಯ ತರಗತಿಗೂ ತೋರಿಸಬಹುದಾದ ಉದಾಹರಣೆ ಇದು. ಮೂತಿ ಯಾವುದು ಎಂಬುದೂ ರೂಢಿಯ ಮಾತು. ಡಬ್ಲ್ಯೂಡಿಎಮ್ ವರ್ಗದ ಡೀಸೆಲ್ ಎಂಜಿನ್ನುಗಳಿಗೆ ಉದ್ದನೆಯ ಮೂತಿಯೊಂದು, ಗಿಡ್ಡದೊಂದು. ನಮ್ಮಲ್ಲಿ ಅವು ಉದ್ದ ಮೂತಿಯನ್ನು ಮುಂದು ಮಾಡಿಕೊಂಡು ಓಡುವುದೂ ಸಾಮಾನ್ಯವಾಗಿತ್ತು. ಡಿಕೋಡರ್ ಜೋಡಿಸುವಾಗ ತಿರುವುಮುರುವಾಗಿದ್ದರೆ ಸಿವಿ 29ರ ಮೊದಲ ಬಿಟ್ ಬದಲಿಸಿದರಾಯಿತು, ತಂತಿ ಕಿತ್ತು ಮತ್ತೆ ಬೆಸುಗೆ ಹಾಕಬೇಕಿಲ್ಲ.

ದುಬಾರಿ ಮಾದರಿ ಎಂಜಿನ್ ಇಲ್ಲದೆಯೂ ಶಾಲೆಯಲ್ಲಿ ಇದನ್ನೆಲ್ಲ ಮಾಡಿ ನೋಡಬಹುದು. ಶರಣಸಿರಸಗಿಯಲ್ಲಾಗಲಿ ಕಮಲಾಪುರದಲ್ಲಾಗಲಿ ಒಂದು ಪ್ರೌಢಶಾಲೆಗೆ ಬೇಕಾಗುವುದು ರಟ್ಟಿನ ಎಂಜಿನ್ನು, ಆರು ಎಲ್‌ಇಡಿಗಳು, ಒಂದು ಅರ್ಡುಯಿನೊ ಫಲಕ. ಐದು ಸ್ವಿಚ್‌ಗಳು ಎಫ್0, 1, 2, 4, 6 ಆಗಲಿ. ಆರನೆಯದು ದಿಕ್ಕು, ಏಳನೆಯದು ಚಲನೆ. ಮೊದಲು ‘ಅಥವಾ’ ಮಾತ್ರ ಬಳಸಿ ಕಾರ್ಯಕ್ರಮ ಬರೆಯಲು ಹೇಳಿ, ಒಂಟಿ ಓಟದ ಕೆಂಪಿನಲ್ಲಿ ಮಕ್ಕಳು ಸಿಕ್ಕಿಕೊಳ್ಳುವುದನ್ನು ಕಾಯಿರಿ. ಸಿಕ್ಕಿಕೊಂಡ ಮೇಲೆ ‘ಮತ್ತು’, ‘ಅಲ್ಲ’ಗಳನ್ನು ಕೊಡಿ. ನಿಜವಾದ ಡಿಸಿಸಿ ತರಂಗವನ್ನೇ ಹೊರಡಿಸಬೇಕೆಂದಿರುವ ಕಾಲೇಜುಗಳಿಗೆ ಅರ್ಡುಯಿನೊ ಮತ್ತು ಮೋಟಾರ್ ಚಾಲಕ ಫಲಕದ ಮೇಲೆ ನಡೆಯುವ ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶ ದೊರೆಯುತ್ತದೆ. ಅಲ್ಲಿ ಎಲ್‌ಇಡಿಗೆ ರೋಧಕವನ್ನು ಲೆಕ್ಕ ಹಾಕಿಯೇ ಜೋಡಿಸಬೇಕು: 15 ವೋಲ್ಟ್‌ನಲ್ಲಿ ರೆಕ್ಟಿಫೈಯರಿನ ಎರಡು ಡಯೋಡುಗಳಿಗೆ 1.4 ಹೋಗಿ 13.6 ಉಳಿಯುತ್ತದೆ, ಬಿಳಿ ಎಲ್‌ಇಡಿಗೆ 3 ಹೋದರೆ 10.6, 5 ಮಿಲಿಆಂಪಿಯರ್ ಸಾಕೆಂದರೆ 2120 ಓಮ್, ಅಂಗಡಿಯಲ್ಲಿ ಸಿಗುವ 2.2 ಕಿಲೋಓಮ್.

ಪರೀಕ್ಷಿಸುವುದಕ್ಕೂ ಒಂದು ಕ್ರಮವಿದೆ. ಏಳು ಸ್ವಿಚ್‌ಗಳಿಂದ 128 ಸ್ಥಿತಿಗಳಾಗುತ್ತವೆ, ಎಲ್ಲವನ್ನೂ ಒತ್ತಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆದರೆ ಔಟ್‌ಪುಟ್ 3 ಅವಲಂಬಿಸಿರುವುದು ದಿಕ್ಕು, ಎಫ್1, ಎಫ್4 ಈ ಮೂರನ್ನು ಮಾತ್ರ. ಎಂಟು ಸಾಲಿನ ಸತ್ಯಕೋಷ್ಟಕ ಸಾಕು. ಅದರಲ್ಲಿ ಐದು ಸಾಲುಗಳಲ್ಲಿ ಕೆಂಪು ಹೊತ್ತಬೇಕು, ಮೂರರಲ್ಲಿ ಆರಿರಬೇಕು. 3 ಮತ್ತು 4 ಎರಡೂ ಒಟ್ಟಿಗೆ ಹೊತ್ತುವುದು ಎಫ್1 ಚಾಲೂ ಇದ್ದಾಗ ಮಾತ್ರ; ಬೇರೆ ಯಾವಾಗಲಾದರೂ ಹೊತ್ತಿದರೆ ದಿಕ್ಕಿನ ಷರತ್ತನ್ನು ಯಾರೋ ಬರೆಯಲು ಮರೆತಿದ್ದಾರೆ ಎಂದು ಕೂಡಲೇ ಹೇಳಬಹುದು.